ಪರದೆ ತೆಗೆದ ಜೀಪು: ಗಾಳಿಯ ಜೊತೆಗೆ ಹೊಗೆಯೂ ಬಂದೀತು

ಮಲೆನಾಡಿನ ಕಾಫಿ, ಅಡಿಕೆ, ಏಲಕ್ಕಿ ತೋಟಗಳಲ್ಲಿ ಜೀಪು ಕೇವಲ ಸವಾರಿಯ ವಾಹನವಲ್ಲ. ಬೆಳಿಗ್ಗೆ ಗೊಬ್ಬರದ ಚೀಲ, ಮಧ್ಯಾಹ್ನ ಪಂಪುಸೆಟ್ಟು, ಸಂಜೆ ಕುಯ್ದ ಕಾಫಿ ಹಣ್ಣು, ಅಪರಾತ್ರಿಯಲ್ಲಿ ಹೆರಿಗೆ ನೋವು ತಿನ್ನುತ್ತಿರುವ ಹೆಂಗಸು, ಹೀಗೆ ಎಲ್ಲಕ್ಕೂ ಅದೇ ಗತಿ. ಬಯಲುಸೀಮೆಯಲ್ಲಿಯೂ ಹೊಲದ ಬದುಗಳ ಮೇಲೆ, ಕೆರೆಯಂಗಳದ ಹಾದಿಯಲ್ಲಿ ಓಡಾಡಲು ಇದನ್ನು ಇಟ್ಟುಕೊಂಡಿರುವ ರೈತರು ಉಂಟು.

ಇಂತಹ ಜೀಪುಗಳಲ್ಲಿ ಬಹಳಷ್ಟಕ್ಕೆ ತಗಡಿನ ಚಾವಣಿ ಇರುವುದಿಲ್ಲ. ಕಬ್ಬಿಣದ ಕಮಾನುಗಳ ಮೇಲೆ ಹೊದಿಸಿದ ಕ್ಯಾನ್ವಾಸ್ ಅಥವಾ ರೆಕ್ಸಿನ್ ಹುಡ್, ಅದರ ಪಕ್ಕಗಳಲ್ಲಿಯೂ ಹಿಂದೆಯೂ ಪಾರದರ್ಶಕ ಪ್ಲಾಸ್ಟಿಕ್ ಕಿಟಕಿಯುಳ್ಳ ಪರದೆಗಳು ಇರುತ್ತವೆ. ಚಳಿ ಕಳೆದು ಬಿಸಿಲು ಏರತೊಡಗಿದಂತೆ ಹುಡ್‌ನ ಒಳಗೆ ಸೆಕೆ ಹೆಚ್ಚುತ್ತದೆ. ಆಗ ಪರದೆಗಳನ್ನು ಬಿಚ್ಚಿ ಅಟ್ಟಕ್ಕೆ ಹಾಕಿ, ಗಾಳಿಯಾಡುವಂತೆ ಜೀಪು ಓಡಿಸುವುದು ವಾಡಿಕೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಯಾವ ಪರದೆಯನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು ಎಂಬುದು ಕೇವಲ ಅನುಕೂಲದ ಮಾತಲ್ಲ, ಒಳಗೆ ಕುಳಿತವರ ಪ್ರಾಣಕ್ಕೆ ಸಂಬಂಧಿಸಿದ ಮಾತು. ಸರಕು ಏರಿಸಲು ಸುಲಭವೆಂದು ಹಿಂದಿನ ಪರದೆಯೊಂದನ್ನೇ ಎತ್ತಿ ಕಟ್ಟಿ, ಉಳಿದವನ್ನು ಮುಚ್ಚಿ ಓಡಿಸುವುದು ಎಲ್ಲಕ್ಕಿಂತ ಅಪಾಯಕಾರಿ. ಅದು ಏಕೆ ಎಂಬುದನ್ನು ಮತ್ತು ಪರದೆ ತೆಗೆದ ಜೀಪನ್ನು ಸುರಕ್ಷಿತವಾಗಿ ಬಳಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಯುದ್ಧದಿಂದ ಹೊಲಕ್ಕೆ

ಜೀಪು ಹುಟ್ಟಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಅಮೆರಿಕದ ಸೈನ್ಯಕ್ಕಾಗಿ ವಿಲ್ಲಿಸ್ ಮತ್ತು ಫೋರ್ಡ್ ಕಂಪೆನಿಗಳು 1941ರಿಂದ ಇದನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸಿದವು. ಯುದ್ಧ ಮುಗಿಯುತ್ತಿದ್ದಂತೆ, 1945ರಲ್ಲಿ, ವಿಲ್ಲಿಸ್ ಕಂಪೆನಿಯು ನಾಗರಿಕರಿಗಾಗಿ ಹೊರತಂದ ಮೊದಲ ಮಾದರಿಯನ್ನು ಮುಖ್ಯವಾಗಿ ರೈತರನ್ನು ಉದ್ದೇಶಿಸಿಯೇ ಮಾರಿತು. ನೇಗಿಲು ಎಳೆಯಲು ಕೊಂಡಿ, ಬೆಲ್ಟಿನಿಂದ ಯಂತ್ರ ನಡೆಸಲು ಬೇಕಾದ ಸೌಕರ್ಯಗಳನ್ನೂ ಅದಕ್ಕೆ ಒದಗಿಸಲಾಗುತ್ತಿತ್ತು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮಹೀಂದ್ರ ಕಂಪೆನಿಯು ವಿಲ್ಲಿಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸತೊಡಗಿತು. 1985ರಲ್ಲಿ ಮಾರುತಿ ಜಿಪ್ಸಿ, 2010ರಲ್ಲಿ ಮಹೀಂದ್ರ ಥಾರ್ ಬಂದವು. 2020ರಲ್ಲಿ ಹೊರಬಂದ ಥಾರ್‌ನ ಹೊಸ ರೂಪದಲ್ಲಿ ಬಟ್ಟೆಯ ಚಾವಣಿ, ಗಟ್ಟಿ ಚಾವಣಿ ಎರಡೂ ಬಗೆಗಳು ದೊರೆತವು. ಹೀಗೆ ವಾಹನಗಳು ಬದಲಾದರೂ ಬಟ್ಟೆಯ ಹುಡ್‌ನ ಸ್ವಭಾವ ಬದಲಾಗಿಲ್ಲ. ಆದುದರಿಂದ ಇಲ್ಲಿ ಹೇಳುವ ಮಾತುಗಳು ಹಳೆಯ ಜೀಪಿಗೂ ಹೊಸತಕ್ಕೂ ಅನ್ವಯಿಸುತ್ತವೆ.

ಓಡುವ ಜೀಪಿನ ಹಿಂದೆ ಗಾಳಿ ಏನು ಮಾಡುತ್ತದೆ?

ಹರಿಯುವ ಹೊಳೆಯಲ್ಲಿ ಒಂದು ದೊಡ್ಡ ಬಂಡೆ ಇದೆಯೆಂದು ಭಾವಿಸೋಣ. ನೀರು ಬಂಡೆಯ ಎರಡೂ ಪಕ್ಕಗಳಲ್ಲಿ ಸರಿದು ಮುಂದೆ ಹೋಗುತ್ತದೆ. ಆದರೆ ಬಂಡೆಯ ಬೆನ್ನಿಗೆ ಒಂದು ಸುಳಿ ನಿಲ್ಲುತ್ತದೆ. ತೇಲಿ ಬಂದ ತರಗೆಲೆ, ಕಸಕಡ್ಡಿ ಆ ಸುಳಿಗೆ ಸಿಕ್ಕಿದರೆ ಹೊಳೆಯ ಜೊತೆ ಹೋಗದೆ ಹಿಮ್ಮುಖವಾಗಿ ತಿರುಗಿ ಬಂಡೆಗೇ ಬಂದು ಬಡಿಯುತ್ತದೆ. ಇದನ್ನು ನಾವೆಲ್ಲರೂ ಕಂಡಿದ್ದೇವೆ.

ಓಡುವ ಜೀಪು ಗಾಳಿಯ ಹೊಳೆಯಲ್ಲಿನ ಬಂಡೆಯಿದ್ದಂತೆ. ಜೀಪಿನ ಹಿಂಭಾಗ ಗೋಡೆಯಂತೆ ನೆಟ್ಟಗೆ ಕತ್ತರಿಸಿದ ಹಾಗಿರುವುದರಿಂದ ಗಾಳಿಯು ಅದಕ್ಕೆ ಅಂಟಿಕೊಂಡು ಹರಿಯಲಾರದು. ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಸುಳಿ ಏಳುತ್ತದೆ. ಚಕ್ರಗಳು ಎಬ್ಬಿಸಿದ ಧೂಳು ಮತ್ತು ಸೈಲೆನ್ಸರ್ ಕೊಳವೆಯಿಂದ ಹೊರಬಿದ್ದ ಹೊಗೆ ಇದೇ ಸುಳಿಗೆ ಸಿಕ್ಕಿ ಜೀಪಿನ ಬೆನ್ನಿಗೇ ತಿರುಗಿ ಬರುತ್ತವೆ. ಅಲ್ಲಿ ಪರದೆ ಇದ್ದರೆ ಹೊರಗೇ ತಡೆಯಲ್ಪಡುತ್ತವೆ. ಪರದೆ ಇಲ್ಲದಿದ್ದರೆ ನೇರವಾಗಿ ಒಳಗೆ ಬರುತ್ತವೆ. ಒಮ್ಮೆ ಬಂದ ಹೊಗೆ ಹೊರಹೋಗಲು ಮುಂದಿನಿಂದ ಗಾಳಿ ನುಗ್ಗಿ ಅದನ್ನು ತಳ್ಳಬೇಕು. ಪಕ್ಕದ ಪರದೆಗಳು, ಮುಂದಿನ ಕಿಟಕಿಗಳು ಮುಚ್ಚಿದ್ದರೆ ತಳ್ಳುವ ಗಾಳಿಯೇ ಇರುವುದಿಲ್ಲ. ಹಿಂದಿನ ಪರದೆಯೊಂದನ್ನೇ ತೆರೆದ ಜೀಪು ಹೊಗೆ ತುಂಬುವ ಗೂಡಾಗುವುದು ಹೀಗೆ.

ಇದನ್ನು ಕಣ್ಣಾರೆ ನೋಡಬೇಕೆನ್ನುವವರು ಒಂದು ಸುಲಭ ಪರೀಕ್ಷೆ ಮಾಡಬಹುದು. ಒಂದು ಗೇಣುದ್ದದ ನಾಲ್ಕೈದು ಹತ್ತಿಯ ನೂಲುಗಳನ್ನು ಹುಡ್‌ನ ಹಿಂದಿನ ಅಂಚಿಗೆ ಮೇಲೂ ಪಕ್ಕದಲ್ಲೂ ಕಟ್ಟಿರಿ. ಸ್ವಂತ ತೋಟದ ಹಾದಿಯಲ್ಲಿ ಗಂಟೆಗೆ 20ರಿಂದ 30 ಕಿ.ಮೀ. ವೇಗದಲ್ಲಿ ಜೀಪು ಓಡಲಿ. ಚಾಲಕನಲ್ಲದ ಇನ್ನೊಬ್ಬರು ಮುಂದಿನ ಆಸನದಲ್ಲಿ ಬೆಲ್ಟು ಹಾಕಿ ಕುಳಿತು ಹಿಂದಿರುಗಿ ನೋಡಬೇಕು. ಹಿಂದಿನ ಪರದೆ ಮಾತ್ರ ತೆರೆದಾಗ ನೂಲುಗಳು ಒಳಮುಖವಾಗಿ ಹಾರಾಡುತ್ತಿದ್ದರೆ ಗಾಳಿ ಒಳಕ್ಕೆ ಬರುತ್ತಿದೆ ಎಂದು ಅರ್ಥ. ಅನಂತರ ಮುಂದಿನ ಕಿಟಕಿಗಳನ್ನೂ ಪಕ್ಕದ ಪರದೆಗಳನ್ನೂ ತೆರೆದು ಮತ್ತೆ ನೋಡಿದರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಕಾಣದ, ವಾಸನೆಯಿಲ್ಲದ ವಿಷ

ಎಂಜಿನ್ನಿನ ಹೊಗೆಯಲ್ಲಿ ಕಣ್ಣಿಗೆ ಕಾಣುವ ಕರಿಗಿಂತ ಕಾಣದಿರುವ ಕಾರ್ಬನ್ ಮಾನಾಕ್ಸೈಡ್ ಅನಿಲ ಹೆಚ್ಚು ಕ್ರೂರವಾದುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಕೆಮ್ಮು ಬರಿಸುವುದೂ ಇಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್ ಎಂಬ ವಸ್ತುವು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಆದುದರಿಂದ ಗಾಳಿಯಲ್ಲಿ ಅಲ್ಪ ಪ್ರಮಾಣದಲ್ಲಿದ್ದರೂ ಅದು ರಕ್ತದಲ್ಲಿ ಕೂಡುತ್ತಾ ಹೋಗಿ, ಮಿದುಳಿಗೂ ಹೃದಯಕ್ಕೂ ಆಮ್ಲಜನಕ ತಲುಪದಂತೆ ಮಾಡುತ್ತದೆ.

ಕಾರ್ಬುರೇಟರ್ ಇರುವ ಹಳೆಯ ಪೆಟ್ರೋಲ್ ಎಂಜಿನ್ನುಗಳಿಂದ ಈ ಅನಿಲ ಹೆಚ್ಚಾಗಿ ಬರುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಅದರ ಪ್ರಮಾಣ ಕಡಿಮೆ. ಹಾಗೆಂದು ಡೀಸೆಲ್ ಹೊಗೆ ನಿರಪಾಯಕಾರಿ ಎಂದು ತಿಳಿಯಬಾರದು. ಅದರಲ್ಲಿ ಸೂಕ್ಷ್ಮವಾದ ಕರಿಯ ಕಣಗಳೂ ಸಾರಜನಕದ ಆಕ್ಸೈಡುಗಳೂ ಇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು.

ಮಲೆನಾಡಿನಲ್ಲಿ ಈ ವಿಷಯ ಇನ್ನಷ್ಟು ಗಂಭೀರವಾಗುವುದಕ್ಕೆ ಕಾರಣವಿದೆ. ಒಂದು ಉದಾಹರಣೆ ನೋಡೋಣ. ಕುಟುಂಬವೊಂದು ಮದುವೆ ಮುಗಿಸಿಕೊಂಡು ರಾತ್ರಿ ಜೀಪಿನಲ್ಲಿ ಘಾಟಿ ಹತ್ತಿ ಬರುತ್ತಿದೆ. ಪಾತ್ರೆಯ ಮೂಟೆ ಹಿಂದಕ್ಕೆ ಚಾಚಿರುವುದರಿಂದ ಹಿಂದಿನ ಪರದೆಯನ್ನು ಸುತ್ತಿ ಕಟ್ಟಲಾಗಿದೆ. ಚಳಿಯೆಂದು ಪಕ್ಕದ ಪರದೆಗಳನ್ನೂ ಮುಂದಿನ ಕಿಟಕಿಗಳನ್ನೂ ಮುಚ್ಚಲಾಗಿದೆ. ಏರಿನಲ್ಲಿ ಎಂಜಿನ್ನಿಗೆ ಹೊರೆ ಹೆಚ್ಚು, ಹೊಗೆಯೂ ಹೆಚ್ಚು, ಜೀಪಿನ ವೇಗ ಮಾತ್ರ ಕಡಿಮೆ. ಅರ್ಧ ದಾರಿಯಲ್ಲಿ ಹಿಂದೆ ಕುಳಿತ ಮಕ್ಕಳು ತಲೆನೋವೆನ್ನುತ್ತಾರೆ, ವಾಂತಿ ಮಾಡುತ್ತಾರೆ, ಆಮೇಲೆ ನಿದ್ದೆ ಹೋಗುತ್ತಾರೆ. ಹಿರಿಯರು "ಘಾಟಿ ರಸ್ತೆಯ ತಿರುವು, ಮಕ್ಕಳಿಗೆ ಆಗಿಬರುವುದಿಲ್ಲ" ಎಂದುಕೊಂಡು ಸುಮ್ಮನಾಗುತ್ತಾರೆ. ಆ ನಿದ್ದೆ ನಿದ್ದೆಯಾಗಿರದೆ ವಿಷದ ಮಂಪರು ಆಗಿರಬಹುದು ಎಂಬುದು ಯಾರಿಗೂ ಹೊಳೆಯುವುದಿಲ್ಲ.

ತಿರುವಿನ ವಾಂತಿಗೂ ಹೊಗೆಯ ವಿಷಕ್ಕೂ ಲಕ್ಷಣಗಳು ಹೋಲುವುದೇ ಇಲ್ಲಿನ ಮುಖ್ಯ ತೊಡಕು. ಈ ಕೆಳಗಿನ ಸೂಚನೆಗಳು ಕಂಡರೆ ಹೊಗೆಯನ್ನು ಶಂಕಿಸಲೇಬೇಕು.

1. ಒಬ್ಬರಿಗಲ್ಲ, ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬರುವುದು.

2. ಮುಂದೆ ಕುಳಿತವರಿಗಿಂತ ಹಿಂದೆ ಕುಳಿತವರಿಗೆ ಮೊದಲು ತೊಂದರೆಯಾಗುವುದು.

3. ಎಂದೂ ಪ್ರಯಾಣದಲ್ಲಿ ವಾಂತಿ ಮಾಡದವರಿಗೂ ಹಾಗಾಗುವುದು.

4. ಕೈಕಾಲು ಸೋಲುವುದು, ಮಾತು ತಡವರಿಸುವುದು, ತಡೆಯಲಾರದ ಮಂಪರು ಕವಿಯುವುದು.

5. ಜೀಪಿನಿಂದ ಇಳಿದು ಗಾಳಿಯಲ್ಲಿ ನಿಂತಾಗ ಹಗುರವೆನಿಸಿ, ಮತ್ತೆ ಹತ್ತಿದಾಗ ಮರುಕಳಿಸುವುದು.

ಇಂತಹ ಸಂದರ್ಭದಲ್ಲಿ ಕೂಡಲೇ ಜೀಪು ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರನ್ನೂ ಹೊರಗೆ ಇಳಿಸಬೇಕು. ಎಚ್ಚರ ತಪ್ಪಿದವರನ್ನು ಬಯಲಿಗೆ ತಂದು ಪಕ್ಕಕ್ಕೆ ಮಲಗಿಸಿ, ಉಸಿರಾಟ ಗಮನಿಸುತ್ತಾ 108ಕ್ಕೆ ಕರೆ ಮಾಡಬೇಕು. ಅವರ ಬಾಯಿಗೆ ನೀರಾಗಲಿ ಮಜ್ಜಿಗೆಯಾಗಲಿ ಹಾಕಕೂಡದು. ಹಗುರವಾಯಿತೆಂದು ಮನೆಗೆ ಹೋಗುವುದೂ ಸರಿಯಲ್ಲ. ಸಾಮಾನ್ಯ ಗಾಳಿಯನ್ನು ಉಸಿರಾಡುತ್ತಿದ್ದರೆ ರಕ್ತದಲ್ಲಿನ ಈ ಅನಿಲವು ಅರ್ಧಕ್ಕೆ ಇಳಿಯಲು ಸುಮಾರು 4ರಿಂದ 5 ಗಂಟೆ ಬೇಕಾಗುತ್ತದೆ. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರೆ ಅದು ಒಂದು ಒಂದೂವರೆ ಗಂಟೆಯಲ್ಲಿ ಆಗುತ್ತದೆ. ಗರ್ಭಿಣಿಯರು, ಚಿಕ್ಕ ಮಕ್ಕಳು ಮತ್ತು ಹೃದಯದ ಕಾಯಿಲೆಯವರ ವಿಷಯದಲ್ಲಿ ತಡಮಾಡಲೇಬಾರದು.

ಇನ್ನೊಂದು ಎಚ್ಚರಿಕೆ. 2020ರ ಕೋವಿಡ್ ಕಾಲದಿಂದೀಚೆಗೆ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಅನೇಕ ಮನೆಗಳಲ್ಲಿದೆ. ಹೊಗೆಯ ವಿಷದಲ್ಲಿ ಅದನ್ನು ನಂಬಬಾರದು. ಕಾರ್ಬನ್ ಮಾನಾಕ್ಸೈಡ್ ಹಿಡಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತವೆಂದೇ ಎಣಿಸಿ, ಎಲ್ಲವೂ ಸರಿಯಾಗಿದೆಯೆಂದು ತೋರಿಸುತ್ತದೆ. "ಜೀಪಿನ ಹೊಗೆ ಕುಡಿದಿರಬಹುದು" ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳುವುದು ಅವಶ್ಯಕ.

ಯಾವ ಪರದೆ ತೆಗೆಯಬೇಕು?

ಮೇಲಿನ ವಿವರಣೆಯಿಂದ ಒಂದು ಸರಳ ಸೂತ್ರ ದೊರೆಯುತ್ತದೆ: ತೆರೆಯುವಾಗ ಮುಂದಿನಿಂದ ಹಿಂದಕ್ಕೆ, ಮುಚ್ಚುವಾಗ ಹಿಂದಿನಿಂದ ಮುಂದಕ್ಕೆ. ಇದನ್ನು ಬೇರೆ ಬೇರೆ ಸಂದರ್ಭಗಳಿಗೆ ಹೀಗೆ ಅಳವಡಿಸಿಕೊಳ್ಳಬಹುದು.

ಮುಂದಿನ ಕಿಟಕಿ, ಪಕ್ಕದ ಪರದೆ ತೆರೆದು, ಹಿಂದಿನದನ್ನು ಮುಚ್ಚಿಡುವುದು: ಮಣ್ಣು ರಸ್ತೆಯ ದಿನನಿತ್ಯದ ಓಡಾಟಕ್ಕೆ ಸಾಮಾನ್ಯವಾಗಿ ಇದೇ ಉತ್ತಮ. ಗಾಳಿ ಚೆನ್ನಾಗಿ ಆಡುತ್ತದೆ, ಹಿಂದಿನ ಸುಳಿಯ ಧೂಳು ಮತ್ತು ಹೊಗೆ ಬಹುಮಟ್ಟಿಗೆ ಹೊರಗುಳಿಯುತ್ತವೆ. ಒಳಗೆ ನುಗ್ಗಿದ ಗಾಳಿ ಹುಡ್ಡನ್ನು ಉಬ್ಬಿಸುವುದರಿಂದ ವೇಗ ಮಿತಿಯಲ್ಲಿರಬೇಕು.

ಎಲ್ಲವನ್ನೂ ತೆಗೆಯುವುದು: ಸೆಕೆಗಾಲಕ್ಕೆ ಹಿತ. ಗಾಳಿ ಮುಂದಿನಿಂದ ಬಂದು ಹಿಂದೆ ಹೊರಹೋಗುವುದರಿಂದ ಹೊಗೆ ನಿಲ್ಲುವುದಿಲ್ಲ. ಆದರೂ ಧೂಳು ಬರುತ್ತದೆ. ಹಿಂದಿನಿಂದ ಗಾಳಿ ಬೀಸುವಾಗ, ನಿಧಾನವಾಗಿ ಏರು ಹತ್ತುವಾಗ ಹೊಗೆಯೂ ಬರಬಹುದು.

ಹಿಂಬದಿಯ ಪಕ್ಕದ ಪರದೆಗಳನ್ನು ಮಾತ್ರ ತೆಗೆದು ಮುಂದಿನ ಕಿಟಕಿ ಮುಚ್ಚುವುದು: ಹಿಂದೆ ಗಾಳಿ ಬರುತ್ತದೆಂದು ತೋರಿದರೂ ಅದು ಸುಳಿಯಲ್ಲಿ ತಿರುಗಿದ ಗಾಳಿಯಾಗಿರಬಹುದು. ಮುಂದಿನ ಕಿಟಕಿಗಳನ್ನು ತೆರೆದೇ ಇಡಬೇಕು.

ಹಿಂದಿನದನ್ನು ಮಾತ್ರ ತೆರೆಯುವುದು: ಎಂದಿಗೂ ಕೂಡದು. ಸರಕು ಹಿಂದಕ್ಕೆ ಚಾಚಿದ್ದು ಪರದೆ ಮುಚ್ಚಲು ಆಗದಿದ್ದರೆ ಪಕ್ಕದವುಗಳನ್ನೂ ಮುಂದಿನವನ್ನೂ ತೆರೆಯಲೇಬೇಕು. ಚಳಿಯಾದರೆ ಕಂಬಳಿ ಹೊದೆಯಬಹುದು, ಹೊಗೆಗೆ ಹೊದಿಕೆಯಿಲ್ಲ.

ಪರದೆಗಳು ಹೇಗೇ ಇರಲಿ, ಎಂಜಿನ್ ನಡೆಸುತ್ತಾ ನಿಂತ ಜೀಪಿನಲ್ಲಿ ಕುಳಿತಿರಬಾರದು. ಮೂರು ಕಡೆ ಗೋಡೆಯಿರುವ ಕೊಟ್ಟಿಗೆಯಲ್ಲಿ ಎಂಜಿನ್ ಬಿಸಿ ಮಾಡುವ ಅಭ್ಯಾಸವನ್ನೂ ಬಿಡಬೇಕು. ವರ್ಷಕ್ಕೊಮ್ಮೆಯಾದರೂ, ಮುಖ್ಯವಾಗಿ ಮಳೆಗಾಲ ಮುಗಿದ ಮೇಲೆ, ಸೈಲೆನ್ಸರ್ ಮತ್ತು ಅದರ ಕೊಳವೆಗಳು ತುಕ್ಕು ತಿಂದು ತೂತಾಗಿವೆಯೇ, ಕೊಳವೆಯ ತುದಿ ಜೀಪಿನ ದೇಹದಿಂದ ಹೊರಕ್ಕೆ ಚಾಚಿದೆಯೇ, ಕಾಲಿಡುವ ತಗಡಿನಲ್ಲಿ ರಂಧ್ರಗಳಿವೆಯೇ ಎಂದು ಮೆಕ್ಯಾನಿಕ್‌ನಿಂದ ಪರೀಕ್ಷೆ ಮಾಡಿಸಬೇಕು. ಕೆಳಗಿನಿಂದ ಬರುವ ಹೊಗೆಯನ್ನು ಯಾವ ಪರದೆಯೂ ತಡೆಯಲಾರದು.

ಧೂಳು ಮತ್ತು ಕಣ್ಣಿನ ರಕ್ಷಣೆ

ಕಣದಲ್ಲಿ ರಾಶಿ ತೂರುವವರು ಗಾಳಿಯ ದಿಕ್ಕು ನೋಡಿ ನಿಲ್ಲುತ್ತಾರೆ, ಹೊಟ್ಟು ಹಾರುವ ಕಡೆ ಯಾರೂ ನಿಲ್ಲುವುದಿಲ್ಲ. ಪರದೆಯಿಲ್ಲದ ಜೀಪಿನಲ್ಲಿಯೂ ಅದೇ ವಿವೇಕ ಬೇಕು. ಮುಂದಿನ ವಾಹನದ ಧೂಳು ತಗ್ಗುವಷ್ಟು ಅಂತರ ಬಿಡಬೇಕು. ದಿನವೂ ಓಡಾಡುವವರು ಮೂಗು ಬಾಯಿ ಮುಚ್ಚುವ ಒಳ್ಳೆಯ ಮುಖಗವಸು ಧರಿಸುವುದು ಲೇಸು. ಹೆಗಲ ಮೇಲಿನ ಟವೆಲ್ಲು ದಪ್ಪ ಧೂಳನ್ನು ತಡೆದೀತೇ ಹೊರತು ಸೂಕ್ಷ್ಮ ಧೂಳನ್ನಲ್ಲ.

ಧೂಳಿಗಿಂತ ದೊಡ್ಡ ಭಯ ಕಣ್ಣಿಗೆ. ತೋಟದ ಹಾದಿಗಳು ಇಕ್ಕಟ್ಟು. ಕಾಫಿಯ ರೆಕ್ಕೆ, ಲಂಟಾನ, ಬಿದಿರಿನ ಮುಳ್ಳು ಜೀಪಿನ ಪಕ್ಕಕ್ಕೆ ತಾಗಿ ಬಾಗಿ, ಜೀಪು ಸರಿದೊಡನೆ ಬಾರುಕೋಲಿನಂತೆ ಒಳಕ್ಕೆ ಬೀಸುತ್ತವೆ. ಪರದೆ ಇದ್ದಾಗ ಅದಕ್ಕೆ ಬೀಳುತ್ತಿದ್ದ ಹೊಡೆತ ಈಗ ಮುಖಕ್ಕೆ ಬೀಳುತ್ತದೆ. ಎಲೆ, ಮುಳ್ಳು, ಕಡ್ಡಿ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯನ್ನು ಗೀರಿದರೆ ಅಲ್ಲಿ ಶಿಲೀಂಧ್ರ ಬೆಳೆದು ಹುಣ್ಣಾಗಬಹುದು. ದಕ್ಷಿಣ ಭಾರತದ ಕೃಷಿಕರಲ್ಲಿ ದೃಷ್ಟಿ ಕಳೆದುಕೊಳ್ಳಲು ಇಂತಹ ಹುಣ್ಣು ಒಂದು ಪ್ರಮುಖ ಕಾರಣ. ಗಾಯವಾದಾಗ ಚಿಕ್ಕದೆನಿಸಿ, ಕೆಲವು ದಿನಗಳ ಮೇಲೆ ಕೆಂಪು, ನೋವು, ಬೆಳಕು ನೋಡಲಾಗದಿರುವುದು, ಬಿಳಿಯ ಚುಕ್ಕೆ ಕಾಣಿಸಿಕೊಳ್ಳಬಹುದು.

ಆದುದರಿಂದ ಚಾಲಕನೂ ಒಳಗಿರುವವರೂ ಪಕ್ಕದಿಂದಲೂ ರಕ್ಷಣೆ ಕೊಡುವ ಬಿಳಿ ಗಾಜಿನ ಕನ್ನಡಕ ಹಾಕಿಕೊಳ್ಳಬೇಕು. ರಾತ್ರಿ ಕಪ್ಪು ಕನ್ನಡಕ ಸಲ್ಲದು. ಗಾಯವಾದರೆ ಉಜ್ಜದೆ ಶುದ್ಧ ನೀರಿನಿಂದ ತೊಳೆದು, ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಬೇಕು. ಎದೆಹಾಲು, ಸೊಪ್ಪಿನ ರಸ ಹಾಕುವುದು, ಔಷಧದ ಅಂಗಡಿಯಿಂದ ಕೇಳಿ ತಂದ ಸ್ಟೀರಾಯ್ಡ್ ಹನಿ ಬಿಡುವುದು ಅಪಾಯ. ಸ್ಟೀರಾಯ್ಡ್ ಮೊದಲು ಕೆಂಪನ್ನು ಇಳಿಸಿದಂತೆ ಮಾಡಿ ಶಿಲೀಂಧ್ರವನ್ನು ಬೆಳೆಸುತ್ತದೆ. ಬೇಸಿಗೆಯ ಆರಂಭದಲ್ಲಿಯೇ ಹಾದಿಯ ಎರಡೂ ಬದಿಯ ರೆಂಬೆಗಳನ್ನು ಚಾಲಕನ ತಲೆಯ ಎತ್ತರದವರೆಗೆ ಸವರಿಸಿಬಿಟ್ಟರೆ ಅರ್ಧ ಅಪಾಯ ಅಲ್ಲಿಗೇ ಕಳೆಯುತ್ತದೆ.

ಹಳೆಯ ಜೀಪುಗಳಲ್ಲಿ ಮುಂದಿನ ಗಾಜನ್ನು ಬಾನೆಟ್ಟಿನ ಮೇಲೆ ಮಡಚಲು ಬರುತ್ತದೆ. ಹಾಗೆ ಮಡಚಿ ಓಡಿಸುವುದು ಕಣ್ಣನ್ನು ಕಲ್ಲಿಗೂ ಜೀರುಂಡೆಗೂ ಒಡ್ಡಿದಂತೆ.

ಔಷಧ ಸಾಗಿಸುವಾಗ

ಕೀಟನಾಶಕ, ಕಳೆನಾಶಕಗಳ ಡಬ್ಬಿಗಳನ್ನು ಜೀಪಿನ ಹಿಂದೆ ಇಟ್ಟುಕೊಂಡು ಬರುವುದು ಸಾಮಾನ್ಯ. ಡಬ್ಬಿ ಸೋರಿದರೆ ಅದರ ಆವಿಯೂ ಮೇಲೆ ಹೇಳಿದ ಸುಳಿಯಲ್ಲಿಯೇ ಸುತ್ತಿ ಕುಳಿತವರ ಮುಖಕ್ಕೆ ಬರುತ್ತದೆ. ಡಬ್ಬಿಗಳನ್ನು ಮುಚ್ಚಳವಿರುವ ಗಟ್ಟಿ ಪೆಟ್ಟಿಗೆಯಲ್ಲಿ ನಿಲ್ಲಿಸಿ, ಅಲುಗದಂತೆ ಕಟ್ಟಬೇಕು. ಆ ಸಾಗಣೆಯಲ್ಲಿ ಹಿಂದೆ ಜನರನ್ನು ಕೂರಿಸಬಾರದು. ಕೀಟನಾಶಕಗಳು ಆಹಾರ ಪದಾರ್ಥಕ್ಕಾಗಲಿ ದನದ ಮೇವಿಗಾಗಲಿ ತಾಗುವಂತೆ ಸಾಗಿಸಬಾರದೆಂದು 1971ರ ಕೀಟನಾಶಕ ನಿಯಮಾವಳಿಯಲ್ಲಿ ಹೇಳಲಾಗಿದೆ. ಹಿಂಡಿ, ಅಕ್ಕಿ ಮತ್ತು ಔಷಧ ಒಂದೇ ಸಲಕ್ಕೆ ಬೇಡ. ಪಕ್ಕದ ತೋಟದಲ್ಲಿ ಸಿಂಪರಣೆ ನಡೆಯುತ್ತಿದ್ದರೆ ಹನಿ ಗಾಳಿಯಲ್ಲಿ ತೇಲಿ ಒಳಬರುವುದರಿಂದ, ಸ್ವಲ್ಪ ಕಾದು ಅಥವಾ ಬೇರೆ ಹಾದಿಯಲ್ಲಿ ಹೋಗುವುದು ಒಳ್ಳೆಯದು.

ಬಟ್ಟೆ ಗೋಡೆಯಲ್ಲ

ಪರದೆ ಇದ್ದರೂ ಇಲ್ಲದಿದ್ದರೂ ಹುಡ್ ಇರುವುದು ಬಿಸಿಲು ಮಳೆಗೆ ಮಾತ್ರ. ಅಪಘಾತದಲ್ಲಿ ಅದು ಯಾರನ್ನೂ ಹಿಡಿದು ನಿಲ್ಲಿಸದು. ಹಳೆಯ ಜೀಪಿನ ಕಮಾನುಗಳು ಬಟ್ಟೆಯ ಭಾರ ಹೊರಬಲ್ಲವೇ ಹೊರತು ಮಗುಚಿದ ಜೀಪಿನ ಭಾರವನ್ನಲ್ಲ. ನೆಲದಿಂದ ಎತ್ತರವಾಗಿ, ಚಕ್ರಗಳ ನಡುವಿನ ಅಂತರ ಕಡಿಮೆಯಾಗಿ ಇರುವ ಈ ವಾಹನ ತಿರುವಿನಲ್ಲಿ, ಅಡ್ಡ ಇಳಿಜಾರಿನಲ್ಲಿ ಕಾರಿಗಿಂತ ಬೇಗ ಮಗುಚುತ್ತದೆ. ಪರದೆ ತೆಗೆದಾಗ ಹೊರಕ್ಕೆ ಎಸೆಯಲ್ಪಡುವ ದಾರಿ ಇನ್ನೂ ಸುಗಮವಾಗುತ್ತದೆ. ಸೀಟು ಬೆಲ್ಟೊಂದೇ ಇಲ್ಲಿ ಆಧಾರ. ಬೆಲ್ಟಿಲ್ಲದ ಹಳೆಯ ಜೀಪಿಗೆ ಗಟ್ಟಿಯಾದ ಚೌಕಟ್ಟಿನ ಭಾಗಕ್ಕೆ ಬಿಗಿದ ಬೆಲ್ಟು ಹಾಕಿಸಬೇಕು.

ಮಕ್ಕಳನ್ನು ಹಿಂದಿನ ಅಡ್ಡ ಸೀಟಿನಲ್ಲಿ ಬೆಲ್ಟಿಲ್ಲದೆ ಕೂರಿಸುವುದು, ತೊಡೆಯ ಮೇಲೆ ಕೂರಿಸಿಕೊಳ್ಳುವುದು ಸಲ್ಲದು. ಕೊಯ್ಲಿನ ಕಾಲದಲ್ಲಿ ಕೆಲಸಗಾರರನ್ನು ಹಿಂಬಾಗಿಲ ಮೇಲೂ ಪಕ್ಕದ ಮೆಟ್ಟಿಲ ಮೇಲೂ ನಿಲ್ಲಿಸಿಕೊಂಡು ಹೋಗುವುದನ್ನು ಕಾಣುತ್ತೇವೆ. ಇನ್ನೊಂದು ಸಲ ಬಂದು ಹೋಗುವ ಡೀಸೆಲ್ಲಿನ ಖರ್ಚು ಒಂದು ಜೀವದ ಬೆಲೆಗಿಂತ ಹೆಚ್ಚಲ್ಲ. ಮೊಣಕೈ ಹೊರಗೆ ಚಾಚಬಾರದು. ಎಡಗಡೆ ಕುಳಿತವರಿಗೆ ಬೇಲಿಕಂಬ, ಚಾಲಕನ ಕಡೆಗೆ ಎದುರು ಬರುವ ವಾಹನ ತಾಗೀತು. ಸೆರಗು, ವೇಲು, ಟವೆಲ್ಲುಗಳನ್ನು ಸಿಕ್ಕಿಸಿಕೊಂಡು ಕೂರಬೇಕು. ಗಾಳಿಗೆ ಹಾರಿ ಚಾಲಕನ ಮುಖ ಮುಚ್ಚಿದರೆ ಅಥವಾ ಚಕ್ರಕ್ಕೆ ಸಿಕ್ಕಿದರೆ ಅನಾಹುತ. ಖಾಲಿ ಚೀಲ, ಕತ್ತಿ, ಸ್ಪಾನರುಗಳನ್ನೂ ಕಟ್ಟಿಡಬೇಕು.

ವೇಗ ಮತ್ತು ಹುಡ್‌ನ ಬಾಳಿಕೆ

ವೇಗ ಎರಡರಷ್ಟಾದರೆ ಗಾಳಿಯ ಒತ್ತಡ ನಾಲ್ಕರಷ್ಟಾಗುತ್ತದೆ. ಗಾಳಿಗೆ ನೇರವಾಗಿ ಒಡ್ಡಿದ ಒಂದು ಚದರ ಮೀಟರ್ ಬಟ್ಟೆಯ ಮೇಲೆ ಗಂಟೆಗೆ 40 ಕಿ.ಮೀ. ವೇಗದಲ್ಲಿ ಸುಮಾರು ಏಳೂವರೆ ಕಿಲೋ, 60ರಲ್ಲಿ 17 ಕಿಲೋ, 80ರಲ್ಲಿ 30 ಕಿಲೋ ತೂಕದಷ್ಟು ಒತ್ತಡ ಬೀಳುತ್ತದೆ. ಪಕ್ಕದ ಪರದೆಗಳು ಹುಡ್ಡನ್ನು ಕೆಳಗಿನಿಂದ ಎಳೆದು ಹಿಡಿಯಲೂ ಸಹಾಯಕ. ಅವನ್ನು ತೆಗೆದ ಮೇಲೆ ಪಟ್ಟಿ, ಕೊಂಡಿಗಳ ಮೇಲೆಯೇ ಎಲ್ಲ ಎಳೆತ ಬೀಳುವುದರಿಂದ ಹೊಲಿಗೆ ಬಿಚ್ಚುವುದು, ಟಿಚ್ ಗುಂಡಿ ಕೀಳುವುದು ಶುರುವಾಗುತ್ತದೆ. ಹೊರಡುವ ಮೊದಲು ಮುಂದಿನ ಗಾಜಿನ ಚೌಕಟ್ಟಿಗೆ ಹುಡ್ ಬಿಗಿದಿರುವ ಜಾಗವನ್ನು ಕೈಯಿಂದ ಎಳೆದು ನೋಡಬೇಕು. ಅಲ್ಲಿ ಬಿಟ್ಟರೆ ಇಡೀ ಹುಡ್ ಹಾಯಿಯಂತೆ ಎದ್ದು ಹಿಂದಕ್ಕೆ ಮಗುಚುತ್ತದೆ. ವೇಗ ಹೆಚ್ಚಿದಷ್ಟೂ ಗಾಳಿಯ ಸದ್ದು ಹೆಚ್ಚಿ ಹಿಂದಿನ ವಾಹನದ ಹಾರ್ನ್ ಕೇಳಿಸದು. ಹೆದ್ದಾರಿಯಲ್ಲಿ ದೂರ ಹೋಗುವಾಗ ಪರದೆಗಳನ್ನು ಕ್ರಮವಾಗಿ ಹಾಕಿಕೊಂಡು ಹೋಗುವುದೇ ಸೂಕ್ತ.

ತೆಗೆದ ಪರದೆಗಳ ರಕ್ಷಣೆ

ಬಿಚ್ಚಿದ ಪರದೆಯನ್ನು ಸುತ್ತಿ ಮೂಲೆಗೆಸೆದರೆ ಮಳೆಗಾಲದ ಹೊತ್ತಿಗೆ ಹೊಸದು ಹೊಲಿಸಬೇಕಾಗುತ್ತದೆ. ಕೆಲವು ಸುಲಭ ಕ್ರಮಗಳಿಂದ ಅದನ್ನು ಹಲವು ವರ್ಷ ಉಳಿಸಿಕೊಳ್ಳಬಹುದು.

1. ಚಳಿಯ ಮುಂಜಾನೆ ಪ್ಲಾಸ್ಟಿಕ್ ಸೆಟೆದಿರುತ್ತದೆ, ಮಡಚಿದರೆ ಸೀಳುತ್ತದೆ. ಬಿಸಿಲು ತಾಗಿ ಮೆತ್ತಗಾದ ಮೇಲೆ ಬಿಚ್ಚಬೇಕು.

2. ಒಣ ಧೂಳನ್ನು ಬಟ್ಟೆಯಿಂದ ಒರೆಸಬಾರದು. ಮರಳಿನ ಕಣಗಳು ಗೀರಿ ಕಿಟಕಿ ಮಬ್ಬಾಗುತ್ತದೆ. ಮೊದಲು ಧಾರಾಳ ನೀರು ಸುರಿದು, ಆಮೇಲೆ ಮೃದು ಸಾಬೂನು ನೀರಿನಲ್ಲಿ ಮೆತ್ತನೆಯ ಹತ್ತಿ ಬಟ್ಟೆ ಅದ್ದಿ ತೊಳೆಯಬೇಕು.

3. ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ತಾಗಿಸಬಾರದು.

4. ಪೂರ್ಣ ಒಣಗಿದ ಮೇಲೆ ಮಾತ್ರ ಒಳಗಿಡಬೇಕು. ತೇವವಿದ್ದರೆ ಬೂಷ್ಟು ಹಿಡಿದು ಹೊಲಿಗೆಯ ನೂಲು ಕೊಳೆಯುತ್ತದೆ.

5. ಹಳೆಯ ಬೆಡ್‌ಶೀಟು ನಡುವೆ ಹಾಸಿ, ಹಲಗೆಯ ಮೇಲೆ ಚಪ್ಪಟೆಯಾಗಿ ಇಡಬೇಕು. ಮೇಲೆ ಭಾರ ಹೇರಬಾರದು. ಗೊಬ್ಬರ, ಔಷಧದ ಕೋಣೆ ಬೇಡ. ಇಲಿಯ ಕಾಟ ನೋಡಿಕೊಳ್ಳಬೇಕು.

6. ಜಿಪ್ಪರಿನ ಹಲ್ಲುಗಳಿಗೆ ಮೇಣದ ಬತ್ತಿ ಉಜ್ಜಿದರೆ ಸಲೀಸಾಗಿ ಸರಿಯುತ್ತದೆ. ಎಣ್ಣೆ ಹಾಕಿದರೆ ಧೂಳು ಅಂಟುತ್ತದೆ.

7. ಎಡ, ಬಲ, ಹಿಂದೆ ಎಂದು ಒಳಬದಿಯಲ್ಲಿ ಗುರುತು ಬರೆದಿಟ್ಟರೆ ಮಳೆ ಬಂದಾಗ ತಡಕಾಡಬೇಕಾಗಿಲ್ಲ.

ಏಪ್ರಿಲ್, ಮೇ ತಿಂಗಳ ಸಂಜೆಯ ಮಳೆ ಹೇಳಿ ಬರುವುದಿಲ್ಲ. ಆ ದಿನಗಳಲ್ಲಿ ಪರದೆಗಳನ್ನು ಜೀಪಿನಲ್ಲಿಯೇ ಇಟ್ಟುಕೊಂಡಿರುವುದು ಲೇಸು. ದಾರಿಯಲ್ಲಿ ಮಳೆ ಹಿಡಿದರೆ ಮೊದಲು ಹಿಂದಿನದನ್ನು, ಅನಂತರ ಪಕ್ಕದವನ್ನು ಹಾಕಬೇಕು. ಅವಸರದಲ್ಲಿ ಪಕ್ಕದವನ್ನು ಮಾತ್ರ ಹಾಕಿ, ಹಿಂದಿನದನ್ನು ಬಿಟ್ಟು ಹೊರಟರೆ ಮೇಲೆ ಹೇಳಿದ ಹೊಗೆಯ ಗೂಡು ತಾನಾಗಿ ಸಿದ್ಧವಾಗುತ್ತದೆ. ಅನೇಕ ವೇಳೆ ತಪ್ಪು ನಡೆಯುವುದು ಇಂತಹ ಅವಸರದಲ್ಲಿಯೇ.

ನೆನಪಿಡಬೇಕಾದ ಅಂಶಗಳು

ಗಾಳಿ ಬಂದಾಗ ತೂರಿಕೋ ಎಂಬ ಗಾದೆಯಂತೆ ಬೇಸಿಗೆಯ ಗಾಳಿಯ ಹಿತವನ್ನು ಧಾರಾಳವಾಗಿ ಪಡೆಯಬಹುದು. ಆದರೆ ಆ ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂಬುದು ತಿಳಿದಿರಬೇಕು. ಮುಂದಿನಿಂದ ಬರುವ ಗಾಳಿ ಮಿತ್ರ, ಹಿಂದಿನಿಂದ ತಿರುಗಿ ಬರುವ ಗಾಳಿ ಶತ್ರು. ಹಿಂದಿನ ಪರದೆಯೊಂದನ್ನೇ ಎಂದಿಗೂ ತೆರೆಯದಿರುವುದು, ಬೆಲ್ಟು ಕಟ್ಟಿಕೊಳ್ಳುವುದು, ಕಣ್ಣಿಗೆ ಕನ್ನಡಕ ಹಾಕಿಕೊಳ್ಳುವುದು, ಸೈಲೆನ್ಸರನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುವುದು, ಈ ನಾಲ್ಕನ್ನು ಪಾಲಿಸಿದರೆ ಸಾಕು. ಜೀಪನ್ನು ಓಡಿಸುವವರು ಮನೆಯಲ್ಲಿ ಒಬ್ಬರೇ ಇರುವುದಿಲ್ಲ. ಮಗ, ಅಳಿಯ, ತೋಟದ ರೈಟರು, ಚಾಲಕ ಎಲ್ಲರೂ ಓಡಿಸುತ್ತಾರೆ. ಆದುದರಿಂದ ರೈತ ಬಾಂಧವರು ಈ ಮಾತನ್ನು ತಾವು ತಿಳಿದುಕೊಳ್ಳುವುದಲ್ಲದೆ, ಜೀಪಿನ ಕೀಲಿ ಯಾರ ಕೈಗೆ ಕೊಡುತ್ತೀರೋ ಅವರಿಗೂ ತಿಳಿಸಬೇಕು. ಮುಂದಿನ ಸಲ ಘಾಟಿಯಲ್ಲಿ ಹಿಂದೆ ಕುಳಿತ ಮಗು ತಲೆನೋವೆಂದರೆ, ತಿರುವನ್ನು ದೂರುವ ಮೊದಲು ಜೀಪು ನಿಲ್ಲಿಸಿ ಪರದೆಗಳ ಕಡೆಗೊಮ್ಮೆ ನೋಡಿರಿ.